ಶೇಕಡಾ 99.5ರ ಭರವಸೆ ಮತ್ತು ಅದರ ಬೆಲೆ

ಲೀಸ್ಡ್ ಲೈನ್ ಪಡೆಯುವ ವ್ಯಾಪಾರಸ್ಥರು ಸೇವಾ ಕರಾರಿನಲ್ಲಿ ಮೊದಲು ನೋಡುವುದು ಬಾಡಿಗೆಯನ್ನು, ಅನಂತರ ವೇಗವನ್ನು. ಉಳಿದ ಷರತ್ತುಗಳನ್ನು ಓದುವವರು ವಿರಳ. ಸಂಪರ್ಕ ಕಡಿತಗೊಂಡ ದಿನ ಉಪಯೋಗಕ್ಕೆ ಬರುವುದು ಆ ಷರತ್ತುಗಳೇ.

ಶೇಕಡಾ 99.5ರ ಲಭ್ಯತೆಗೆ ಸಹಿ ಹಾಕಿದ ಗ್ರಾಹಕನು, 30 ದಿನಗಳ ತಿಂಗಳಿನ 720 ಗಂಟೆಗಳಲ್ಲಿ 3.6 ಗಂಟೆಗಳ ನಿಲುಗಡೆಗೆ ಮೊದಲೇ ಒಪ್ಪಿಗೆ ಕೊಟ್ಟಂತಾಯಿತು. ಶೇಕಡಾ 99.9 ಆದಲ್ಲಿ ಅದು ಸುಮಾರು 43 ನಿಮಿಷಗಳಿಗೆ ಇಳಿಯುತ್ತದೆ. ಮಾಸಿಕ ಬಾಡಿಗೆ ರೂ. 18,000, ನಿಲುಗಡೆ 10 ಗಂಟೆ, ಪರಿಹಾರವು ಬಾಡಿಗೆಯ ಪ್ರಮಾಣಾನುಸಾರ ಎಂದು ಭಾವಿಸಿದರೆ, 99.5ರ ಕರಾರಿನಲ್ಲಿ ಹೆಚ್ಚುವರಿ 6.4 ಗಂಟೆಗಳಿಗೆ ದೊರೆಯುವುದು ರೂ. 160 ಮಾತ್ರ. ಇನ್‌ವಾಯ್ಸ್ ಹೊರಬೀಳದೆ ಲಾರಿಯೊಂದು ಗೇಟಿನೊಳಗೇ ನಿಂತರೆ, ಚಾಲಕನ ಒಂದು ದಿನದ ಭತ್ಯೆಗೂ ಇದು ಸಾಲದು. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣದಂತೆ, ಕರಾರು ಭಂಗಕ್ಕೆ ಕರಾರಿನಲ್ಲಿಯೇ ಮೊತ್ತ ನಮೂದಾಗಿದ್ದಲ್ಲಿ, ಯುಕ್ತ ಪರಿಹಾರವು ಆ ಮೊತ್ತವನ್ನು ಮೀರುವಂತಿಲ್ಲ. ಆದುದರಿಂದ ಚೌಕಾಶಿ ನಡೆಯಬೇಕಾದುದು ಸಹಿಗೆ ಮುನ್ನ.

ಲಭ್ಯತೆ ಪೂರ್ಣವಾಗಿದ್ದೂ ಕೆಲಸ ಕೆಡುವುದುಂಟು. ಸಂಜೆ ಲೆಕ್ಕಪತ್ರಗಳ ಬ್ಯಾಕಪ್ ಆರಂಭವಾದೊಡನೆ ಅದೇ ಮಾರ್ಗದ ದೂರವಾಣಿ ಕರೆಯಲ್ಲಿ ಮಾತು ತುಂಡುತುಂಡಾಗುತ್ತದೆ. ಧ್ವನಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿರಲಿ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಭಿಪ್ರಾಯ; ಬ್ಯಾಕಪ್ ಅರ್ಧ ಗಂಟೆ ತಡವಾದರೂ ನಷ್ಟವಿಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎಂಬ ಈ ನಿರ್ಣಯವೇ ನೀತಿ ನಿಯಂತ್ರಣ. 1998ರಲ್ಲಿ ನಿರೂಪಿತವಾದ ಡಿಫ್‌ಸರ್ವ್ ಪದ್ಧತಿಯಲ್ಲಿ ಪ್ರತಿ ಪ್ಯಾಕೆಟ್ಟಿಗೂ ಆರು ಬಿಟ್‌ಗಳ ಗುರುತಿರುತ್ತದೆ. ಧ್ವನಿಗೆ ವಾಡಿಕೆಯ ಸಂಖ್ಯೆ 46. ರೂಟರ್ ಈ ಗುರುತನ್ನು ನೋಡಿ ಸಾಲಿನಲ್ಲಿ ಮುಂದಕ್ಕೆ ಬಿಡುತ್ತದೆ. ಹಾಗೆಂದು ಎಲ್ಲ ಪ್ಯಾಕೆಟ್ಟುಗಳಿಗೂ 46 ಹಾಕಿಬಿಡುವ ಜಾಣತನ ಸಾಮಾನ್ಯವಾಗಿ ನಡೆಯದು. ಕರಾರಿನ ಮಿತಿ ಮೀರಿದುದನ್ನು ಸೇವಾದಾರರ ರೂಟರ್ ತ್ಯಜಿಸಬಹುದು ಅಥವಾ ಸಾಮಾನ್ಯ ದರ್ಜೆಗೆ ಇಳಿಸಬಹುದು. ಅವರ ಜಾಲವನ್ನು ದಾಟಿ ಸಾರ್ವಜನಿಕ ಅಂತರಜಾಲ ಸೇರಿದ ಮೇಲಂತೂ ಗುರುತಿಗೆ ಮನ್ನಣೆ ಸಿಗುವ ಖಾತರಿಯಿಲ್ಲ.

ಆದಕಾರಣ ಧ್ವನಿಗೆ ಮೀಸಲಾದ ವೇಗವೆಷ್ಟು, ವಿಳಂಬವನ್ನು ಅಳೆಯುವುದು ಕಾರ್ಖಾನೆಯ ರೂಟರಿನಿಂದಲೋ ಸೇವಾದಾರರ ಕೇಂದ್ರದಿಂದಲೋ, ಪೂರ್ವನಿಯೋಜಿತ ದುರಸ್ತಿಯ ಕಾಲ ನಿಲುಗಡೆಯ ಲೆಕ್ಕಕ್ಕೆ ಸೇರುವುದೋ ಇಲ್ಲವೋ ಎಂಬುದು ಬರಹದಲ್ಲಿರಬೇಕು. ಪರಿಹಾರ ಕೇಳಲು ಗಡುವಿದ್ದರೆ ದೂರಿನ ಸಂಖ್ಯೆ, ವೇಳೆಗಳನ್ನು ಅಂದೇ ಬರೆದಿಡುವುದು ಲೇಸು.

ಪರಿಹಾರವು ಜಿಎಸ್‌ಟಿ ಇಳಿಸಿದ ಕ್ರೆಡಿಟ್ ನೋಟ್ ರೂಪದಲ್ಲಿ ಬಂದರೆ, ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಅಷ್ಟರ ಮಟ್ಟಿಗೆ ಹಿಂತಿರುಗಿಸಬೇಕು. ಮೊತ್ತ ರೂ. 160 ಆದರೂ ವಿನಾಯಿತಿಯಿಲ್ಲ.