ಒಂದು ಗಂಟೆಯ ದಾರಿಗೆ ಒಂದು ರಾತ್ರಿ

ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ವಿಮಾನದಲ್ಲಿ ಒಂದು ಗಂಟೆ ಸಾಕು. ಹಡಗು ಸಂಜೆ ಹೊರಟರೆ ಮುಟ್ಟುವುದು ಮರುದಿನ ಬೆಳಗ್ಗೆ. ಗಡಿಯಾರ ನೋಡುವ ದೊಡ್ಡವರಿಗೆ ಇದು ಕಾಲಹರಣ. ಆದರೆ ಜೊತೆಯಲ್ಲಿ ಮಕ್ಕಳಿದ್ದರೆ ಹಡಗೇ ಮೇಲು. ವಿಮಾನ ಮಗುವನ್ನು ಬೆಲ್ಟು ಬಿಗಿದು ಕೂರಿಸಿ, ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಸಾಗಿಸುತ್ತದೆ. ನಡುವಿನ ದೂರ ಅದರ ಅನುಭವಕ್ಕೇ ಬರುವುದಿಲ್ಲ. ಹಡಗಿನಲ್ಲಿ ದೂರ ಕಣ್ಣೆದುರೇ ಬೆಳೆಯುತ್ತದೆ. ಸ್ಟಾಕ್‌ಹೋಮ್‌ನ ಆಚೆ ಸಣ್ಣ ಬಂಡೆಗಳೂ ಸೇರಿ ಸುಮಾರು 30,000 ದ್ವೀಪಗಳಿವೆ. ಮೊದಲು ಮನೆ, ಮರದ ದಕ್ಕೆ, ದೋಣಿಗಳಿರುವ ದ್ವೀಪಗಳು. ಆಮೇಲೆ ಪೈನ್ ಮರಗಳಷ್ಟೇ. ಆಮೇಲೆ ಬೋಳು ಬಂಡೆ. ಕೊನೆಗೆ ಬರೀ ನೀರು. ಮಧ್ಯೆ ಎಲ್ಲೋ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ರಾತ್ರಿ ಹಡಗು ಓಲಂಡ್ ದ್ವೀಪದ ಮರೀಹಾಮ್ನ್‌ನಲ್ಲಿ ನಿಲ್ಲುವುದರ ಹಿಂದೆ ತೆರಿಗೆಯ ಕಥೆಯಿದೆ: ಯೂರೋಪಿಯನ್ ಒಕ್ಕೂಟದ ದೇಶಗಳ ನಡುವೆ ಸುಂಕವಿಲ್ಲದ ಮಾರಾಟ 1999ರಲ್ಲಿ ನಿಂತುಹೋಯಿತು, ಓಲಂಡ್ ಮಾತ್ರ ಆ ತೆರಿಗೆ ವಲಯದ ಹೊರಗೆ ಉಳಿದಿದೆ. ಅಲ್ಲಿ ಹಡಗು ನಿಂತರೆ ಒಳಗಿನ ಅಂಗಡಿಯಲ್ಲಿ ಅಗ್ಗದ ಮಾರಾಟ ನಡೆಯುತ್ತದೆ. ಗಡಿ ಎಂದರೆ ಬೇಲಿಯೇ ಆಗಬೇಕಿಲ್ಲ, ಸಮಯವೂ ಬೆಲೆಪಟ್ಟಿಯೂ ಆಗಬಹುದು ಎಂಬುದು ಹತ್ತು ವರ್ಷದ ಮಗುವಿಗೆ ಇಲ್ಲಿ ಸಲೀಸಾಗಿ ಹೊಳೆಯುತ್ತದೆ.

ಸುರಕ್ಷತೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1994ರ ಸೆಪ್ಟೆಂಬರ್ 28ರಂದು ಇದೇ ಬಾಲ್ಟಿಕ್ ಸಮುದ್ರದಲ್ಲಿ, ಟ್ಯಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ 'ಎಸ್ಟೋನಿಯಾ' ಹಡಗು ಮುಳುಗಿ 852 ಮಂದಿ ಸತ್ತರು. ಮೂತಿಯ ಕವಚ ಕಿತ್ತುಹೋಗಿ, ವಾಹನಗಳಿದ್ದ ಅಂತಸ್ತಿಗೆ ನೀರು ನುಗ್ಗಿತ್ತು. ಆ ಅಂತಸ್ತಿಗೆ ನೀರು ಬಂದರೂ ಹಡಗು ಮಗುಚದಂತೆ ಇರಬೇಕೆಂಬ ನಿಯಮ ಬಂದದ್ದು ಅದರ ನಂತರ. ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್‌ಗಳು ಪ್ರಯಾಣಿಕರ ಸಂಖ್ಯೆಯ ಕನಿಷ್ಠ ಶೇಕಡಾ 10ರಷ್ಟು ಇರಬೇಕು, ಮಕ್ಕಳು ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಮಗುವಿಗೂ ಒಂದಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಹತ್ತಿದ ಕೂಡಲೇ ಅವು ಎಲ್ಲಿವೆ ಎಂದು ಮಕ್ಕಳಿಗೆ ತೋರಿಸುವುದು ಹೆದರಿಸಿದಂತಲ್ಲ. ನನಗೆ ಹೆಚ್ಚು ಚಿಂತೆಯ ವಿಷಯ ಮೇಲಿನ ತೆರೆದ ಡೆಕ್ಕು. ಅಲ್ಲಿ ಯಾವ ನಿಯಮವೂ ತಂದೆತಾಯಿಯ ಕೈಗೆ ಸಮವಲ್ಲ.

ವಾಂತಿಯ ಭಯವೂ ಸುಳ್ಳಲ್ಲ. ಎರಡರಿಂದ ಹನ್ನೆರಡು ವರ್ಷದೊಳಗಿನವರಿಗೇ ಅದು ಹೆಚ್ಚು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಕ್ಯಾಬಿನ್ ಆರಿಸುವಾಗ ಕಿಟಕಿಯ ಆಸೆ ಬಿಟ್ಟರೆ ನಷ್ಟವಿಲ್ಲ. ಅಗ್ಗದ ಮದ್ಯಕ್ಕೆಂದೇ ಹತ್ತುವವರ ಗದ್ದಲವಿರುವುದೂ ನಿಜ, ಆದರೆ ಅದು ತಡರಾತ್ರಿಯ ಮಾತು, ಅಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಕಾರು ತಂದವರು ರಾತ್ರಿಯ ಬಟ್ಟೆ, ಔಷಧಿಯನ್ನು ಬೇರೆ ಚೀಲದಲ್ಲಿ ಹಿಡಿದಿರಬೇಕು. ಹಡಗು ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಬೀಗ.

ಇದಕ್ಕೆ ಯೂರೋಪಿಗೇ ಹೋಗಬೇಕೆ? ತಮಿಳುನಾಡಿನ ನಾಗಪಟ್ಟಿಣಂನಿಂದ ಶ್ರೀಲಂಕಾದ ಜಾಫ್ನಾ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಹಡಗು ಶುರುವಾಯಿತು. ಸುಮಾರು 110 ಕಿ.ಮೀ., ನಾಲ್ಕು ಗಂಟೆಯ ದಾರಿ, ಎರಡೂ ದಡದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ. ಹಿಂಗಾರಿನಲ್ಲಿ ಅದು ನಿಲ್ಲುವುದುಂಟು. ಹಾಗಾಗಿ ದಸರಾ ರಜೆಯನ್ನು ನೆಚ್ಚಿಕೊಳ್ಳದೆ ಬೇಸಿಗೆ ರಜೆಗೆ ಯೋಚಿಸುವುದು ವಾಸಿ.