ಒಂದೂವರೆ ಸೆಕೆಂಡು, ಆರು ತಿಂಗಳು

ಮುಂಬೈನ ಬಾಂದ್ರಾದಲ್ಲಿ ಕಡಲಿಗೆ ಆನಿಕೊಂಡಂತಿರುವ ಕಾರ್ಟರ್ ರಸ್ತೆ. 2006ರ ನವೆಂಬರ್ 12ರಂದು ಬೆಳಕು ಹರಿಯುವ ಮುನ್ನ ಅಲ್ಲಿ ಒಂದು ಟೊಯೊಟಾ ಕೊರೊಲಾ ಕಾರು ಫುಟ್‌ಪಾತ್ ಹತ್ತಿತು. ಅಲ್ಲಿ ಮಲಗಿದ್ದವರು ಕೂಲಿ ಕಾರ್ಮಿಕರು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಕಾರು ಓಡಿಸುತ್ತಿದ್ದ ಯುವಕನ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 112 ಮಿಲಿಗ್ರಾಂ ಮದ್ಯಸಾರ ಸಿಕ್ಕಿತು. ನಮ್ಮ ಕಾನೂನು ಒಪ್ಪುವುದು 30ರವರೆಗೆ ಮಾತ್ರ. ಮರುವರ್ಷ ಏಪ್ರಿಲ್‌ನಲ್ಲಿ ವಿಚಾರಣಾ ನ್ಯಾಯಾಲಯ ವಿಧಿಸಿದ ಶಿಕ್ಷೆ ಆರು ತಿಂಗಳ ಜೈಲು ಮತ್ತು ದಂಡ.

ಊರಿಗೆ ಊರೇ ಸಿಡಿದೆದ್ದಿತು. ಏಳು ಜೀವಕ್ಕೆ ಆರು ತಿಂಗಳೆಂದರೆ ಒಂದು ಜೀವಕ್ಕೆ ಒಂದು ತಿಂಗಳೂ ಬೀಳಲಿಲ್ಲವೆಂದು ಜನ ಲೆಕ್ಕ ಹಾಕಿದರು. ಬಾಂಬೆ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡು, ಅಪರಾಧದ ಸ್ವರೂಪವನ್ನೇ ಬದಲಿಸಿ ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂರು ವರ್ಷವೂ ಕಡಿಮೆಯೇ ಎಂದಿತು. ಆದರೆ ಹೆಚ್ಚಿಸಿ ಎಂದು ಸರ್ಕಾರ ಮೇಲ್ಮನವಿಯನ್ನೇ ಹಾಕಿರಲಿಲ್ಲ.

ಆರು ತಿಂಗಳು ಬಂದದ್ದು ಎಲ್ಲಿಂದ? ಆಗಿನ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಿಂದ. ಅತಿವೇಗ, ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಗರಿಷ್ಠ ಎರಡು ವರ್ಷ. ಪಕ್ಕದಲ್ಲೇ ಇದ್ದ 304ನೇ ಕಲಮಿನ ಎರಡನೇ ಭಾಗದಲ್ಲಿ ಹತ್ತು ವರ್ಷದವರೆಗೂ ಅವಕಾಶವಿತ್ತು. ಅದಕ್ಕೆ ಬೇಕಾದದ್ದು, ತನ್ನ ಕೆಲಸದಿಂದ ಸಾವು ಆಗಬಹುದೆಂದು ಆರೋಪಿಗೆ ಗೊತ್ತಿತ್ತು ಎಂಬುದರ ಪುರಾವೆ. ಎರಡು ವರ್ಷಕ್ಕೂ ಹತ್ತು ವರ್ಷಕ್ಕೂ ನಡುವಿನ ಗೆರೆ ಹೆಣಗಳ ಸಂಖ್ಯೆಯ ಮೇಲೆ ಎಳೆದದ್ದಲ್ಲ, ಚಾಲಕನ ತಲೆಯೊಳಗೆ ಏನಿತ್ತು ಎಂಬುದರ ಮೇಲೆ ಎಳೆದದ್ದು. ಸಾರ್ವಜನಿಕರ ಕಣ್ಣು ಇರುವುದು ರಸ್ತೆಯ ಮೇಲಿನ ರಕ್ತದ ಮೇಲೆ. ಕೋರ್ಟು ಮತ್ತು ಬೀದಿಯ ಜಗಳ ಹುಟ್ಟುವುದು ಇಲ್ಲಿಯೇ.

ಪರಿಣಾಮ ನೋಡಿ ತಪ್ಪನ್ನು ಅಳೆಯುವ ನಮ್ಮ ಅಭ್ಯಾಸವನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದರು. 1966ರಲ್ಲಿ ಅಮೆರಿಕದ ಎಲೇನ್ ವಾಲ್‌ಸ್ಟರ್ ಬಳಸಿದ ಕತೆಯೂ ಕಾರಿನದೇ. ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ತಾನಾಗಿ ಉರುಳುತ್ತದೆ. ಕೆಲವರಿಗೆ ಹೇಳಿದ ಕತೆಯಲ್ಲಿ ನಷ್ಟ ಅಲ್ಪ, ಉಳಿದವರಿಗೆ ಹೇಳಿದ್ದರಲ್ಲಿ ದೊಡ್ಡ ಅನಾಹುತ. ಮಾಲೀಕನ ನಡವಳಿಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಅನಾಹುತದ ಕತೆ ಕೇಳಿದವರು ಅವನ ಮೇಲೆ ಹೆಚ್ಚು ಹೊಣೆ ಹೊರಿಸಿದರು. ಮುಂದಿನ ಪ್ರಯೋಗಗಳಲ್ಲಿ ಈ ಒಲವು ಕೆಲವೊಮ್ಮೆ ದುರ್ಬಲವಾಗಿ ಕಂಡದ್ದೂ ಉಂಟು, ಪೂರ್ತಿ ಮಾಯವಾಗಲಿಲ್ಲ. 1988ರಲ್ಲಿ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಶಸ್ತ್ರಚಿಕಿತ್ಸೆಯ ನಿರ್ಧಾರವೊಂದನ್ನು ಜನರ ಮುಂದಿಟ್ಟರು. ರೋಗಿ ಬದುಕಿದಾಗ ವೈದ್ಯರ ಆಯ್ಕೆ ಸರಿಯೆನಿಸಿತು. ಅದೇ ಆಯ್ಕೆ, ರೋಗಿ ಸತ್ತಾಗ ತಪ್ಪೆನಿಸಿತು.

ಹಾಗೆಂದು ಜನರ ಸಿಟ್ಟನ್ನು ಬರೀ ಬುದ್ಧಿಭ್ರಮೆ ಎಂದು ತಳ್ಳಿಹಾಕುವುದು ಸೋಮಾರಿತನ. ಏಕೆಂದರೆ ಕನಿಕರಕ್ಕೂ ಅದರದೇ ಆದ ಪಕ್ಷಪಾತವಿದೆ. ಬ್ರಿಟನ್ನಿನ ಇತಿಹಾಸವನ್ನೇ ನೋಡಿ. ಅಲ್ಲಿ ಹಿಂದೆ, ವಾಹನದಿಂದ ಆದ ಸಾವಿನ ಗಂಭೀರ ಪ್ರಕರಣಗಳಲ್ಲಿ ನರಹತ್ಯೆಯ ಆರೋಪ ಹೊರಿಸುತ್ತಿದ್ದರು. ಜ್ಯೂರಿಗಳು ಮಾತ್ರ ‘ತಪ್ಪಿತಸ್ಥ’ ಎನ್ನಲು ಹಿಂದೆ ಸರಿಯುತ್ತಿದ್ದರು. ಆ ಜ್ಯೂರಿಯಲ್ಲಿ ಕೂತವರಲ್ಲಿ ಕಾರು ಓಡಿಸುವವರೂ ಇದ್ದರು. ಕಟಕಟೆಯಲ್ಲಿ ನಿಂತವನಲ್ಲಿ ತಮ್ಮನ್ನೇ ಕಂಡರು. ಹೀಗಾಗಿ 1956ರಲ್ಲಿ, ಹೆಸರಿನಲ್ಲೂ ಶಿಕ್ಷೆಯಲ್ಲೂ ಹಗುರವಾದ ಹೊಸ ಅಪರಾಧವನ್ನು ಕಾನೂನಿಗೆ ಸೇರಿಸಬೇಕಾಯಿತು. ಗರಿಷ್ಠ ಐದು ವರ್ಷ. ಆಮೇಲೆ ಗಾಳಿ ತಿರುಗಿತು. ಗರಿಷ್ಠ ಶಿಕ್ಷೆ ಹತ್ತಾಯಿತು, ಹದಿನಾಲ್ಕಾಯಿತು, 2022ರ ಜೂನ್‌ನಿಂದ ಜೀವಾವಧಿಯೇ ಆಯಿತು. ತಾನೂ ಅದೇ ಜಾಗದಲ್ಲಿ ಸಿಕ್ಕಿಕೊಳ್ಳಬಹುದು ಎಂದೆನಿಸಿದವನ ತಪ್ಪನ್ನು ಮನುಷ್ಯ ಕಡಿಮೆ ಮಾಡಿ ನೋಡುತ್ತಾನೆಂದು 1970ರಲ್ಲಿ ಕೆಲ್ಲಿ ಶೇವರ್ ವಾದಿಸಿದರು. ಫುಟ್‌ಪಾತಿನಲ್ಲಿ ಮಲಗುವವರು ಎಂದೂ ನ್ಯಾಯಪೀಠದಲ್ಲಿ ಕೂರುವುದಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಬಾಂದ್ರಾದ ಸಿಟ್ಟು ಅಷ್ಟೇನೂ ಅವಿವೇಕದ್ದಾಗಿ ಕಾಣುವುದಿಲ್ಲ.

ಇನ್ನು ಚಾಲಕನಿಗೆ ‘ಗೊತ್ತಿತ್ತೇ’ ಎಂಬ ಪ್ರಶ್ನೆ. ಇಲ್ಲಿ ಭೌತಶಾಸ್ತ್ರ ಒಂದು ಕಹಿ ಲೆಕ್ಕ ಮುಂದಿಡುತ್ತದೆ. ಕಣ್ಣಿಗೆ ಏನೋ ಕಂಡು, ಮಿದುಳು ಅದನ್ನು ಗುರುತಿಸಿ, ಕಾಲು ಬ್ರೇಕ್ ಒತ್ತುವುದಕ್ಕೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 25 ಮೀಟರ್ ಸಾಗಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಇನ್ನೂ 20 ಮೀಟರ್ ಹೋಗಿ, ಒಟ್ಟು 45 ಮೀಟರಿನಲ್ಲಿ ನಿಲ್ಲುತ್ತದೆ. 80 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿಯುವ ಮೊದಲೇ 33 ಮೀಟರ್ ದಾಟಿರುತ್ತದೆ. ಮೊದಲ ಕಾರು ನಿಂತ ಆ 45ನೇ ಮೀಟರಿಗೆ ಬಂದಾಗ ಇದರ ವೇಗ ಇನ್ನೂ ಸುಮಾರು 65. ಸ್ಪೀಡೋಮೀಟರಿನಲ್ಲಿ ಬರೀ ಇಪ್ಪತ್ತರ ವ್ಯತ್ಯಾಸ. ರಸ್ತೆ ದಾಟುತ್ತಿದ್ದ ಮಗುವಿಗೆ, ಒಂದು ಕಾರು ಮುಟ್ಟುವುದೇ ಇಲ್ಲ. ಇನ್ನೊಂದು 65ರ ವೇಗದಲ್ಲಿ ಬಡಿಯುತ್ತದೆ. ಸ್ವೀಡನ್ನಿನ ಯೋರನ್ ನಿಲ್ಸನ್ ಅವರ ಸೂತ್ರ ಇದನ್ನೇ ಇಡೀ ರಸ್ತೆಗೆ ಅನ್ವಯಿಸುತ್ತದೆ: ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತಗಳು ಸುಮಾರು ಶೇ 4ರಷ್ಟು ಏರುತ್ತವೆ.

ಮತ್ತೆ, 80ರಲ್ಲಿ ಹೋಗುವ ಹೆಚ್ಚಿನವರ ಮುಂದೆ ಆ ಹೊತ್ತಿಗೆ ಯಾವ ಮಗುವೂ ಅಡ್ಡ ಬರುವುದಿಲ್ಲ. ಅವರು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಮರುದಿನ ಅದೇ ವೇಗದಲ್ಲಿ ಹೊರಡುತ್ತಾರೆ. ಅಪಾಯವೇನೂ ಇಲ್ಲವೆಂದು ನಿನ್ನೆಯ ದಿನ ಕಲಿಸಿರುತ್ತದೆ.

ಕುಡಿತದ ವಿಷಯದಲ್ಲಿ ‘ಗೊತ್ತಿತ್ತು’ ಎನ್ನುವುದಕ್ಕೆ ರಕ್ತವೇ ಸಾಕ್ಷಿ. ಆದರೆ ಈ ಸಾಕ್ಷಿ ತಾನಾಗಿ ಅಳಿಸಿಹೋಗುವಂಥದ್ದು. ಯಕೃತ್ತಿನ ಕಿಣ್ವಗಳು ಮದ್ಯಸಾರವನ್ನು ಹೆಚ್ಚುಕಡಿಮೆ ಒಂದೇ ಗತಿಯಲ್ಲಿ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಕರಗಿಸುತ್ತವೆ. ಬಾಂದ್ರಾದ ಆ 112 ಮಿಲಿಗ್ರಾಂ ಏಳೆಂಟು ಗಂಟೆ ಕಳೆದಿದ್ದರೆ ಸೊನ್ನೆಯ ಹತ್ತಿರ ಬಂದಿರುತ್ತಿತ್ತು. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದದ್ದು ನಸುಕಿನ ಎರಡೂವರೆಯ ಸುಮಾರಿಗೆ. ಪೊಲೀಸರು ಹೇಳಿದ ಪ್ರಕಾರ ರಕ್ತದ ಮಾದರಿ ತೆಗೆದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅದನ್ನೂ ಆಸ್ಪತ್ರೆಯಲ್ಲಿ ಬದಲಾಯಿಸಲಾಯಿತೆಂಬ ಆರೋಪದಲ್ಲಿ ವೈದ್ಯರು ಬಂಧಿತರಾದರು. ದೇಶ ಮಾತ್ರ ಕೆರಳಿದ್ದು ಬಾಲನ್ಯಾಯ ಮಂಡಳಿ ಬರೆಯಲು ಹೇಳಿದ 300 ಪದಗಳ ಪ್ರಬಂಧದ ಬಗ್ಗೆ. ಅದು ಶಿಕ್ಷೆಯಲ್ಲ, ಜಾಮೀನಿನ ಷರತ್ತು. ನಗೆಪಾಟಲಿನ ಷರತ್ತೇ ಹೌದು. ಆದರೆ ಪ್ರಕರಣದ ಬೆನ್ನು ಮುರಿಯುವ ಶಕ್ತಿಯಿದ್ದದ್ದು ಪ್ರಬಂಧಕ್ಕಲ್ಲ, ಆ ಎಂಟು ಗಂಟೆಗಳಿಗೆ.

ಗುದ್ದಿ ಓಡಿಹೋಗುವುದರ ಲಾಭವೂ ಇದೇ: ಓಡಿದವನ ರಕ್ತ ತಿಳಿಯಾಗುತ್ತದೆ. ಹೊಸ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆಯನ್ನು ಎರಡರಿಂದ ಐದು ವರ್ಷಕ್ಕೆ ಏರಿಸಿತು. ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷ ಎಂದಿತು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಓಡಿದರೆ ಹತ್ತು ವರ್ಷ ಎಂಬುದು ಅವರ ಅಳಲು. ಇದೂ ಸಿಟ್ಟೇ, ಎದುರು ದಿಕ್ಕಿನದು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಹತ್ತು ವರ್ಷದ ಉಪಕಲಮನ್ನು ತಡೆಹಿಡಿಯಲಾಗಿತ್ತು.

ವರ್ಷಗಳನ್ನು ಕೂಡಿಸುತ್ತ ಹೋದರೆ ಸಾವು ಇಳಿಯುತ್ತದೆಯೇ? ಬ್ರಿಟನ್ನಿನಲ್ಲಿ 1967ರ ಅಕ್ಟೋಬರ್‌ನಲ್ಲಿ ಉಸಿರು ಪರೀಕ್ಷೆಯ ಕಾನೂನು ಬಂತು. ಎಲ್ಲೆಲ್ಲೂ ಅದರದೇ ಪ್ರಚಾರ. ವಾರಾಂತ್ಯದ ರಾತ್ರಿಗಳಲ್ಲಿ ಸಾವುನೋವು ದಿಢೀರ್ ಕುಸಿಯಿತು. ಆಮೇಲೆ ಮೆಲ್ಲಗೆ ಮತ್ತೆ ಮೇಲೇರಿತು. ಅಮೆರಿಕದ ಸಮಾಜವಿಜ್ಞಾನಿ ಲಾರೆನ್ಸ್ ರಾಸ್ ಇದನ್ನು ಅಧ್ಯಯನ ಮಾಡಿ ಕಾರಣ ಹುಡುಕಿದರು. ಕಾನೂನು ಸಡಿಲವಾಗಿರಲಿಲ್ಲ, ಸಿಕ್ಕಿಬೀಳುವ ಸಂಭವ ತಾವು ಅಂದುಕೊಂಡಷ್ಟಿಲ್ಲ ಎಂದು ಕುಡುಕರಿಗೆ ಅನುಭವದಿಂದ ತಿಳಿದುಹೋಗಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರ್‌ನಲ್ಲಿ ಬೇರೆ ದಾರಿ ಹಿಡಿಯಿತು. ಅನುಮಾನ ಇರಲಿ ಬಿಡಲಿ, ಯಾವ ವಾಹನವನ್ನಾದರೂ ನಿಲ್ಲಿಸಿ ಊದಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು, ಅವರು ಅದನ್ನು ಎಡೆಬಿಡದೆ ಬಳಸಿದರು. ಅಲ್ಲಿ ಇಳಿದ ಸಾವಿನ ಸಂಖ್ಯೆ ಬ್ರಿಟನ್ನಿನಂತೆ ಮರಳಿ ಏರಲಿಲ್ಲ.

ಇಂಥದ್ದೇ ಒಂದು ಕನ್ನಡ ನಾಡಿನ ಕಣ್ಣೆದುರಿಗೂ ನಡೆಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಸಾವು ತಿಂಗಳಿಗೆ ಮೂವತ್ತರ ಹತ್ತಿರ ಬಂದಿತ್ತು. ಜುಲೈನಲ್ಲಿ ಪೊಲೀಸರು ರಾಡಾರ್ ಗನ್ ಹಿಡಿದು ನಿಂತು, 100 ಕಿ.ಮೀ. ಮೀರಿದವರನ್ನು ಹಿಡಿದು ದಂಡ ಹಾಕತೊಡಗಿದರು. ಆ ತಿಂಗಳು ಸಾವು ಒಂದಂಕಿಗೆ ಇಳಿಯಿತು. ಬೈಕು, ಆಟೊಗಳಿಗೆ ಅಲ್ಲಿ ನಿಷೇಧ ಬಂದದ್ದು ಆಗಸ್ಟ್ 1ರಂದು. ಹಾಗಾಗಿ ಜುಲೈನ ಇಳಿಕೆಯನ್ನು ಅದರ ಲೆಕ್ಕಕ್ಕೆ ಬರೆಯಲಾಗದು. ದಂಡ ಸಾವಿರ, ಎರಡು ಸಾವಿರದ ಲೆಕ್ಕದ್ದು. ಯಾರನ್ನೂ ಜೈಲಿಗೆ ಕಳಿಸಿರಲಿಲ್ಲ. ಮುಂದೆ ಉದ್ದಕ್ಕೂ ಕ್ಯಾಮೆರಾಗಳು ಬಂದವು, ಎರಡು ಕ್ಯಾಮೆರಾಗಳ ನಡುವೆ ಹಿಡಿದ ಸಮಯದಿಂದಲೇ ಸರಾಸರಿ ವೇಗ ಲೆಕ್ಕ ಹಾಕುವ ವ್ಯವಸ್ಥೆಯತ್ತಲೂ ಪೊಲೀಸರು ಹೊರಳಿದರು. ಕ್ಯಾಮೆರಾ ಕಂಡಲ್ಲಿ ಮಾತ್ರ ನಿಧಾನಿಸಿ, ದಾಟಿದ ಕೂಡಲೇ ಆಕ್ಸಿಲರೇಟರ್ ಒತ್ತುವ ಚಾಳಿ ನಮ್ಮವರಿಗೆ ಅಷ್ಟು ಬೇಗ ಬಂದಿತ್ತು.