ಮೂರು ಗಂಟೆ ಹೊಡೀತು, ಫೋಟೋ ಹೋಯ್ತು

ನಮ್ಮ ಸಂಘದ ರಾಜ್ಯೋತ್ಸವದ ಫೋಟೋಗಳಲ್ಲಿ ಅರ್ಧಕ್ಕರ್ಧ ಕಳೆದುಹೋದವು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ತಪ್ಪು ನನ್ನದೇ. ಅದನ್ನ ಒಪ್ಪಿಕೊಂಡು, ಆಮೇಲೆ ಓದಿ ತಿಳಿದುಕೊಂಡ ಒಂದು ವಿಷಯ ಹೇಳ್ತೀನಿ: ಜಾಬ್ ಶೆಡ್ಯೂಲಿಂಗ್.

ಬ್ಯಾಕಪ್‌ಗೆ ನಾನು ಲಿನಕ್ಸ್‌ನ ಕ್ರಾನ್ ಬಳಸಿದ್ದೆ. ಇದು 1970ರ ದಶಕದಿಂದ ಯುನಿಕ್ಸ್‌ನಲ್ಲಿರೋ ಪುಟ್ಟ ಪ್ರೋಗ್ರಾಂ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಅಂತ ಐದು ಜಾಗ ತುಂಬಿ ಪಕ್ಕದಲ್ಲಿ ಕಮಾಂಡ್ ಬರೆದರೆ, ಹೇಳಿದ ಹೊತ್ತಿಗೆ ಸರಿಯಾಗಿ ಓಡಿಸುತ್ತೆ. ನಾನು ಇಟ್ಟಿದ್ದು ಎರಡೇ ಕೆಲಸ. ರಾತ್ರಿ 2 ಗಂಟೆಗೆ ಫೋಟೋಗಳನ್ನ ಬೇರೆ ಕಂಪ್ಯೂಟರಿಗೆ ಕಾಪಿ ಮಾಡು. 3 ಗಂಟೆಗೆ ಮೂಲ ಫೋಲ್ಡರ್ ಖಾಲಿ ಮಾಡು. ದಿನಾ ಕಾಪಿ ಹತ್ತು ನಿಮಿಷದಲ್ಲಿ ಮುಗೀತಿತ್ತು. ರಾಜ್ಯೋತ್ಸವದ ರಾತ್ರಿ ಫೋಟೋ ಜಾಸ್ತಿ, ನೆಟ್‌ವರ್ಕ್ ನಿಧಾನ. ಮೂರಕ್ಕೂ ಕಾಪಿ ಅರ್ಧದಲ್ಲೇ ಇತ್ತು. ಕ್ರಾನ್ ನೋಡೋದು ಗಡಿಯಾರ ಮಾತ್ರ. ಮೂರು ಹೊಡೀತು, ಅಳಿಸಿಬಿಟ್ಟಿತು.

ಅಮ್ಮ ದೋಸೆ ಹುಯ್ಯೋದು ಗಡಿಯಾರ ನೋಡಿ ಅಲ್ಲ, ಹಿಟ್ಟು ಉಬ್ಬಿದೆಯಾ ಅಂತ ನೋಡಿ. ಚಳಿಗಾಲದಲ್ಲಿ ಉಬ್ಬದಿದ್ರೆ ಅವತ್ತು ಉಪ್ಪಿಟ್ಟು. ನನ್ನ ಸ್ಕ್ರಿಪ್ಟ್‌ಗೆ ಇಲ್ಲದೇ ಇದ್ದದ್ದು ಈ ಬುದ್ಧಿ. ಇದಕ್ಕೆ ಡಿಪೆಂಡೆನ್ಸಿ ಅಂತಾರೆ.

ಈಗ ಒಂದು ಬ್ಯಾಂಕ್ ಯೋಚನೆ ಮಾಡಿ. ಬಾಗಿಲು ಹಾಕಿದ ಮೇಲೆ ರಾತ್ರಿಯೆಲ್ಲಾ ಕೆಲಸ ಇರುತ್ತೆ: ದಿನದ ವಹಿವಾಟು ಖಾತೆಗೆ ಏರಿಸೋದು, ಬಡ್ಡಿ ಲೆಕ್ಕ, ಸಂಬಳದ ಫೈಲ್, ಸ್ಟೇಟ್‌ಮೆಂಟ್. ಹೀಗೆ ಸಾವಿರಾರು ಜಾಬ್‌ಗಳು. ಕೆಲವು ಮೇನ್‌ಫ್ರೇಮ್‌ನಲ್ಲಿ, ಕೆಲವು ಯುನಿಕ್ಸ್‌ನಲ್ಲಿ, ಕೆಲವು ವಿಂಡೋಸ್‌ನಲ್ಲಿ. ಒಂದು ಮೆಷಿನ್‌ನ ಕ್ರಾನ್‌ಗೆ ಇನ್ನೊಂದರಲ್ಲಿ ಏನಾಗ್ತಿದೆ ಅಂತ ಗೊತ್ತಾಗಲ್ಲ.

ಅದಕ್ಕೇ ಕಂಟ್ರೋಲ್-ಎಂ, ಆಟೋಸಿಸ್, ಐಬಿಎಂ ವರ್ಕ್‌ಲೋಡ್ ಶೆಡ್ಯೂಲರ್ ಥರದ ಸಾಫ್ಟ್‌ವೇರ್‌ಗಳು ಇರೋದು. ಸಾಮಾನ್ಯವಾಗಿ ನಡುವೆ ಒಂದು ಸರ್ವರ್, ಕೆಲಸ ನಡೆಯೋ ಮೆಷಿನ್‌ಗಳಲ್ಲಿ ಏಜೆಂಟ್ ಅನ್ನೋ ಚಿಕ್ಕ ಪ್ರೋಗ್ರಾಂ. ಸರ್ವರ್ ಹೇಳಿದಾಗ ಏಜೆಂಟ್ ಜಾಬ್ ಶುರು ಮಾಡಿ, ಮುಗಿದ ಮೇಲೆ ಎಕ್ಸಿಟ್ ಕೋಡ್ ವಾಪಸ್ ಕಳಿಸುತ್ತೆ. ಸೊನ್ನೆ ಬಂದ್ರೆ ಸಾಮಾನ್ಯವಾಗಿ ಸರಿಯಾಗಿದೆ ಅಂತ, ಆಗ ಮುಂದಿನ ಜಾಬ್ ಹೊರಡುತ್ತೆ. ಬೇರೆ ಏನಾದ್ರೂ ಬಂದ್ರೆ ಮುಂದಿನದನ್ನ ತಡೆದು, ಮತ್ತೆ ಪ್ರಯತ್ನ ಮಾಡೋದೋ ರಾತ್ರಿ ಪಾಳಿಯಲ್ಲಿರೋ ಎಂಜಿನಿಯರ್‌ಗೆ ಅಲರ್ಟ್ ಕಳಿಸೋದೋ, ನಾವು ಹೇಳಿಟ್ಟ ಹಾಗೆ ಮಾಡುತ್ತೆ. ರಜಾದಿನಗಳ ಕ್ಯಾಲೆಂಡರ್ ಕೂಡ ಇದರಲ್ಲೇ ಇರುತ್ತೆ.

ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಹಳೇ ಪರಿಚಯ. ಜಾಬ್‌ಗಳು ನೋಡ್‌ಗಳು, ಡಿಪೆಂಡೆನ್ಸಿಗಳು ಬಾಣಗಳು. ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲು ಹಚ್ಚೋದೇ ಟೋಪಾಲಾಜಿಕಲ್ ಸಾರ್ಟ್. ಆರ್ಥರ್ ಕಾನ್ ಅವರ ಅಲ್ಗಾರಿದಂ 1962ರದ್ದು. ಮಾರ್ಕ್ಸ್‌ಗೋಸ್ಕರ ಬಾಯಿಪಾಠ ಮಾಡಿದ್ದು ಇಲ್ಲಿ ಸಂಬಳ ಹಾಕ್ತಿದೆ! ಗ್ರಾಫ್‌ನಲ್ಲಿ ಸೈಕಲ್ ಇದ್ದರೆ 'ನೀನು ಮೊದಲು, ನೀನು ಮೊದಲು' ಅಂತ ಎರಡು ಜಾಬ್‌ಗಳೂ ನಿಂತೇ ಇರ್ತವೆ.

ಹಾಗಂತ ಶೆಡ್ಯೂಲರೇ ಕೆಟ್ಟರೆ? 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಗುಂಪಿನ ಬ್ಯಾಂಕ್‌ಗಳಲ್ಲಿ ಆಗಿದ್ದು ಅದೇ. ಬ್ಯಾಚ್ ಶೆಡ್ಯೂಲರ್‌ಗೆ ಹೊಸ ವರ್ಷನ್ ಹಾಕಿದರು, ತೊಂದರೆ ಕಂಡು ತೆಗೆದು ಹಳೇದಕ್ಕೆ ಹೋದರು. ಆದರೆ ಹಾಗೆ ಹಿಂದಕ್ಕೆ ಹೋದರೆ ಏನಾಗುತ್ತೆ ಅಂತ ಮೊದಲು ಪರೀಕ್ಷೆ ಮಾಡಿರಲಿಲ್ಲ. ರಾತ್ರಿಯ ಕೆಲಸಗಳು ಒಂದರ ಹಿಂದೆ ಒಂದು ಬಾಕಿ ಬಿದ್ದವು. ಬ್ರಿಟನ್ನಿನಲ್ಲಿ 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತೊಂದರೆ ಆಯಿತು. ಕೆಲವರಿಗೆ ತಮ್ಮ ದುಡ್ಡೇ ಕೈಗೆ ಸಿಗಲಿಲ್ಲ. ಅಲ್ಸ್ಟರ್ ಬ್ಯಾಂಕ್ ಗ್ರಾಹಕರ ಪರದಾಟ ಜುಲೈವರೆಗೂ ನಡೆಯಿತು. 2014ರಲ್ಲಿ ಇಬ್ಬರು ನಿಯಂತ್ರಕರು ಸೇರಿ ಹಾಕಿದ ದಂಡ 5.6 ಕೋಟಿ ಪೌಂಡ್.

ನನ್ನ ಸ್ಕ್ರಿಪ್ಟ್‌ಗೆ ಕಂಟ್ರೋಲ್-ಎಂ ಏನೂ ಬೇಕಿರಲಿಲ್ಲ. ಕಾಪಿ ಕಮಾಂಡ್ ಮತ್ತು ಅಳಿಸೋ ಕಮಾಂಡ್‌ನ ಒಂದೇ ಸಾಲಲ್ಲಿ ಬರೆದು ಮಧ್ಯೆ ಎರಡು ಆಂಪರ್‌ಸ್ಯಾಂಡ್ ಹಾಕಿದ್ರೆ ಸಾಕಿತ್ತು. ಮೊದಲನೇದು ಸೊನ್ನೆ ಕೊಟ್ಟರೆ ಮಾತ್ರ ಎರಡನೇದು ನಡೆಯುತ್ತೆ. ಈಗ ಹಾಕಿದ್ದೀನಿ. ಕಾಪಿ ಆಗಿದ್ದನ್ನ ಎಣಿಸಿ ನೋಡೋ ಒಂದು ಸಾಲನ್ನೂ ಸೇರಿಸಿದ್ದೀನಿ.

ಕೊನೇದಾಗಿ ಒಂದು ವಿನಂತಿ. ಅವತ್ತಿನ ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇದ್ದರೆ ಸಂಘಕ್ಕೆ ಕಳಿಸಿ. ಡೊಳ್ಳು ಕುಣಿತದ್ದು ನಮ್ಮ ಹತ್ರ ಒಂದೂ ಉಳಿದಿಲ್ಲ.